ಮೊದಲು ನೀರು, ಆಮೇಲೆ ಎಣ್ಣೆ

ತಲೆ ಬಾಚುವುದು ನಮಗೆ ಬರುತ್ತದೆ ಎಂದೇ ನಾವು ಅರವತ್ತೆರಡು ವರ್ಷ ನಂಬಿಕೊಂಡಿದ್ದೆವು. ಇಬ್ಬರು ತಂಗಿಯರ, ಒಬ್ಬ ಮಗಳ, ನಾದಿನಿಯರ ಮಕ್ಕಳೆಲ್ಲರ ತಲೆಗೆ ಎಣ್ಣೆಯೊತ್ತಿ, ಸಿಕ್ಕು ಬಿಡಿಸಿ, ಬೈತಲೆ ತೆಗೆದು ಹೆರಳು ಹಾಕಿದ ಕೈಗಳಿವು. ಸೀಮಂತದ ದಿನ ಮೊಗ್ಗಿನ ಜಡೆ ಹೆಣೆಯಲು ಓಣಿಯವರು ನಮ್ಮನ್ನೇ ಕರೆಯುತ್ತಿದ್ದರು. ಈ ವಿದ್ಯೆಯಲ್ಲಿ ಕಲಿಯಬೇಕಾದುದು ಇನ್ನೇನೂ ಉಳಿದಿಲ್ಲವೆಂಬ ನಮ್ಮ ಗರ್ವವನ್ನು 2018ರ ಆಗಸ್ಟ್ ತಿಂಗಳಿನ ಒಂದು ರವಿವಾರ, ಶಿಕಾಗೋ ನಗರದ ದಕ್ಷಿಣ ಭಾಗದ ಒಂದು ಅಡುಗೆಮನೆಯಲ್ಲಿ, ನಾಲ್ಕು ವರ್ಷದ ಮೊಮ್ಮಗಳು ಹತ್ತೇ ನಿಮಿಷಗಳಲ್ಲಿ ಇಳಿಸಿದಳು.

ನಮ್ಮ ಮಗನು ಓದಲೆಂದು ಅಮೆರಿಕಕ್ಕೆ ಹೋದವನು ಅಲ್ಲಿಯೇ ಉದ್ಯೋಗ ಹಿಡಿದು, ಅಲ್ಲಿಯೇ ಮದುವೆಯಾದನು. ಸೊಸೆಯು ಆಸ್ಪತ್ರೆಯಲ್ಲಿ ದಾದಿ. ಆಫ್ರಿಕನ್ ಮೂಲದ ಅಮೆರಿಕನ್ ಮನೆತನದವಳು. ಈ ಸಂಬಂಧದ ಬಗ್ಗೆ ಬಂಧುಬಳಗದಲ್ಲಿ ಎದ್ದ ಮಾತುಗಳನ್ನು ಇಲ್ಲಿ ಬರೆಯಹೊರಟಿಲ್ಲ. ಪರರನ್ನು ದೂರುವ ಅಧಿಕಾರವೂ ನಮಗಿಲ್ಲ. ಏಕೆಂದರೆ ನಾವೂ ಆ ಮದುವೆಗೆ ಹೋಗಲಿಲ್ಲ. ವೀಸಾ ತಡವಾಯಿತೆಂದು ಎಲ್ಲರಿಗೂ ಹೇಳಿಕೊಂಡೆವು, ಅದು ಅರ್ಧ ಸತ್ಯ. ಮೊಮ್ಮಗಳಿಗೆ ನಾಲ್ಕು ತುಂಬಿದ ಮೇಲೆ ನಮ್ಮ ಯಜಮಾನರು ಹಟ ಹಿಡಿದು ಕರೆದುಕೊಂಡು ಹೊರಟರು. ಚೀಲದಲ್ಲಿ ಶೇಂಗಾ ಚಟ್ನಿ, ಖಡಕ್ ರೊಟ್ಟಿ, ಎರಡು ಬಾಟಲಿ ಕೊಬ್ಬರಿ ಎಣ್ಣೆ ಮತ್ತು ಒಂದು ಹೊಸ ಹಣಿಗೆ ಇದ್ದವು.

ಆ ರವಿವಾರ ಸೊಸೆಯು ರಾತ್ರಿ ಪಾಳಿ ಮುಗಿಸಿ ಇನ್ನೂ ಬಂದಿರಲಿಲ್ಲ. ಮಗುವಿನ ಕೂದಲು ಕಪ್ಪು ಮೋಡದಂತೆ ನಾಲ್ಕೂ ದಿಕ್ಕಿಗೆ ಹರಡಿತ್ತು. ಪಾಪ, ತಾಯಿಗೆ ಪುರುಸೊತ್ತಿಲ್ಲ, ನಾವಾದರೂ ಒಪ್ಪವಾಗಿ ಎರಡು ಹೆರಳು ಹಾಕೋಣವೆಂದು ಮಗುವನ್ನು ಮುಂದೆ ಕೂಡಿಸಿಕೊಂಡು, ಒಣ ಕೂದಲಿಗೆ ಕೈತುಂಬ ಎಣ್ಣೆ ಸುರಿದು, ನೆತ್ತಿಯಿಂದ ಕೆಳಕ್ಕೆ ಹಣಿಗೆ ಎಳೆದೆವು. ಹಣಿಗೆಯ ಮೂರು ಹಲ್ಲು ಮುರಿದವು. ಮಗುವು ಚೀರಿದ ಚೀರಿಗೆ ಮೇಲಿನ ಅಂತಸ್ತಿನಿಂದ ಮಗನು ಓಡಿಬಂದನು.

‘ಅವ್ವಾ, ಒಣಾ ತಲಿಗೆ ಹಣಿಗಿ ಹಾಕಬ್ಯಾಡ. ಮುರೀತದ.’

‘ಹಣಿಗಿ ಆಗಲೇ ಮುರದದ. ಹಿಂಗ ಬಿಟ್ರ ಈ ತಲಿ ಗುಬ್ಬಿ ಗೂಡ ಆಗ್ತದ, ನೋಡು’ ಎಂದೆವು ನಾವು.

ಸೊಸೆಯು ಬಂದಾಗ ಬೈಯಲಿಲ್ಲ. ಮಗುವನ್ನು ಎತ್ತಿಕೊಂಡು ಹೋಗಿ ತಲೆ ತೋಯಿಸಿ, ಬೆರಳಿನಿಂದಲೇ ಸಿಕ್ಕು ಬಿಡಿಸಲು ಕುಳಿತಳು. ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ ಆಕೆ ನಮಗೆ ಹೇಳಿದ್ದು ಒಂದೇ ಮಾತು: ‘ಇವಳ ಕೂದಲಿಗೆ ಮೊದಲು ನೀರು ಬೇಕು ಅವ್ವಾರೇ, ಆಮೇಲೆ ಎಣ್ಣೆ.’ ಅವ್ವಾರೇ ಎಂಬ ಆ ಒಂದು ಕನ್ನಡದ ಪದವನ್ನು ಮಗನಿಂದ ಕಲಿತಿದ್ದಳು. ಮುಂದಿನ ನಾಲ್ಕು ದಿನ ಮೊಮ್ಮಗಳು ನಮ್ಮನ್ನು ಕಂಡೊಡನೆ ಎರಡೂ ಕೈಗಳಿಂದ ತಲೆ ಮುಚ್ಚಿಕೊಳ್ಳುತ್ತಿದ್ದಳು. ಎಂಟು ಸಾವಿರ ಮೈಲಿ ದೂರ ಬಂದು ಮೊಮ್ಮಗಳಿಗೆ ನಾವು ಕೊಟ್ಟ ಮೊದಲ ಕಾಣಿಕೆ ಅದು.

ಐದನೆಯ ದಿನ ನಾವೇ ಸೊಸೆಯ ಬಳಿ ಕುಳಿತು, ಕಲಿಸು ಎಂದೆವು. ಆಕೆ ಕಲಿಸಿದ ರೀತಿಯನ್ನು ನೋಡಿ, ದಾದಿಯಾಗುವ ಬದಲು ಶಿಕ್ಷಕಿಯಾಗಬೇಕಿತ್ತೆಂದು ನಮಗನಿಸಿತು. ನೇರ ಕೂದಲಿನ ಒಂದು ಎಳೆಯನ್ನು ಅಡ್ಡಲಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡಗೆ ಕಾಣುತ್ತದೆ. ಗುಂಗುರು ಕೂದಲಿನ ಎಳೆಯು ಚಪ್ಪಟೆಯಾದ ಅಂಡಾಕಾರದಲ್ಲಿರುತ್ತದೆ. ಅದು ಹುಟ್ಟುವ ಬುಡವೇ ಚರ್ಮದೊಳಗೆ ಬಾಗಿರುತ್ತದೆ. ನೆತ್ತಿಯಲ್ಲಿ ಊರುವ ಸ್ವಾಭಾವಿಕ ಜಿಡ್ಡು ನೇರ ಕೂದಲಿನ ಮೇಲೆ ಸುಲಭವಾಗಿ ತುದಿಯವರೆಗೆ ಇಳಿಯುತ್ತದೆ. ಸುರುಳಿಯಾದ ಕೂದಲಿನಲ್ಲಿ ಬುಡದಲ್ಲೇ ನಿಲ್ಲುತ್ತದೆ. ಪ್ರತಿಯೊಂದು ತಿರುವಿನಲ್ಲಿಯೂ ಕೂದಲಿನ ಹೊರಪದರ ಸ್ವಲ್ಪ ಬಾಯಿಬಿಟ್ಟು ತೇವ ಆರಿಹೋಗುತ್ತದೆ, ಅಲ್ಲಿಯೇ ಅದು ಮುರಿಯುತ್ತದೆ. ಒರಟು ಎಂದು ನಾವು ತಿಳಿದ ಕೂದಲು ವಾಸ್ತವವಾಗಿ ಬಹು ನಾಜೂಕಿನದು, ಸದಾ ಬಾಯಾರಿದ್ದು. ಎಣ್ಣೆಯು ತೇವವನ್ನು ಕೊಡಲಾರದು, ಇದ್ದ ತೇವವನ್ನು ಹಿಡಿದಿಡಬಲ್ಲದು ಅಷ್ಟೆ. ಒಣ ಕೂದಲಿಗೆ ಎಣ್ಣೆ ಸುರಿದ ನಾವು ಖಾಲಿ ಕೊಡಕ್ಕೆ ಮುಚ್ಚಳ ಹಾಕಿದ್ದೆವು.

ಹಾಗೆಂದು ನಮ್ಮ ಕೊಬ್ಬರಿ ಎಣ್ಣೆಯ ಮಾನ ಪೂರ್ತಿ ಹೋಗಲಿಲ್ಲ. ಸ್ನಾನಕ್ಕೆ ಮುಂಚೆ ಹಚ್ಚಿದರೆ ಅದು ಕೂದಲಿನ ಒಳಕ್ಕೆ ಇಳಿದು, ತೊಳೆಯುವಾಗ ಆಗುವ ಪ್ರೊಟೀನ್ ನಷ್ಟವನ್ನು ಕಡಿಮೆ ಮಾಡುವುದೆಂದು ಮುಂಬಯಿಯ ಸಂಶೋಧಕರು 2003ರಲ್ಲಿಯೇ ತೋರಿಸಿದ್ದಾರಂತೆ. ಸೊಸೆಯೇ ಅದನ್ನು ಓದಿ ಹೇಳಿದಳು. ಅಂದಿನಿಂದ ನಮ್ಮ ಬಾಟಲಿಗೆ ಆ ಮನೆಯ ಬಚ್ಚಲಿನಲ್ಲಿ ಒಂದು ಸ್ಥಾನ ದೊರೆಯಿತು. ಚಳಿಗಾಲದಲ್ಲಿ ಅದು ಕಲ್ಲಿನಂತಾಗುತ್ತಿತ್ತು. ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಕರಗಿಸುತ್ತಿದ್ದೆವು.

ಅವರ ಮನೆಯಲ್ಲಿ ವಾರಕ್ಕೊಮ್ಮೆ ತಲೆಸ್ನಾನದ ದಿನವೆಂದರೆ ಹಬ್ಬದ ಅಡುಗೆಯಷ್ಟು ಕೆಲಸ. ಈ ಬಗೆಯ ಕೂದಲನ್ನು ದಿನವೂ ತೊಳೆಯಬಾರದು. ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಸಾಕೆಂದು ಅಲ್ಲಿಯ ಚರ್ಮವೈದ್ಯರೂ ಹೇಳುತ್ತಾರೆ. ಶಾಂಪೂವನ್ನು ನೆತ್ತಿಗೆ ಮಾತ್ರ ಹಚ್ಚಿ, ಕಂಡೀಷನರನ್ನು ತುದಿಗಳಿಗೆ ಧಾರಾಳವಾಗಿ ಹಚ್ಚಬೇಕು. ಆ ಜಾರುವ ಒದ್ದೆಯಲ್ಲಿಯೇ, ಅಗಲ ಹಲ್ಲಿನ ಹಣಿಗೆಯಿಂದ, ತುದಿಯಿಂದ ಶುರುಮಾಡಿ ಮೆಲ್ಲಮೆಲ್ಲನೆ ಬುಡದ ಕಡೆಗೆ ಏರಬೇಕು. ನಾವು ಜನ್ಮವಿಡೀ ಬಾಚಿದ್ದು ಮೇಲಿನಿಂದ ಕೆಳಕ್ಕೆ! ತಲೆಯನ್ನು ಟವೆಲಿನಿಂದ ತಿಕ್ಕಕೂಡದು, ಹಳೆಯ ಬನಿಯನ್ ಬಟ್ಟೆಯಿಂದ ಒತ್ತಿ ತೆಗೆಯಬೇಕು. ರಾತ್ರಿ ಹತ್ತಿಯ ದಿಂಬು ತೇವವನ್ನು ಹೀರಿ ಕೂದಲನ್ನು ಉಜ್ಜುವುದರಿಂದ ಸ್ಯಾಟಿನ್ ಟೋಪಿ ಹಾಕಿಯೇ ಮಲಗಬೇಕು.

ಸೆಪ್ಟೆಂಬರ್ ಕಳೆದು ಮರದ ಎಲೆಗಳು ಕೆಂಪಾಗತೊಡಗಿದವು. ಬೇಸಿಗೆಯ ಬಿಸಿಲಿನಿಂದ ಸೀಳಿದ ತುದಿಗಳನ್ನು ಅಂಗುಲದ ಕಾಲುಭಾಗದಷ್ಟು ಕತ್ತರಿಸಿ, ಗಟ್ಟಿ ಕಂಡೀಷನರ್ ಹಚ್ಚಿ, ಬೆಚ್ಚಗಿನ ಟೋಪಿಯೊಳಗೆ ಅರ್ಧ ಗಂಟೆ ಇಡುವ ಕಾಲ ಅದು. ಆ ದಿನಗಳಲ್ಲಿ ಮಗುವಿಗೆ ಹಾಕುತ್ತಿದ್ದುದು ಎರಡೆಳೆಯ ಹೊಸೆತ. ಒದ್ದೆ ಕೂದಲನ್ನು ಸಣ್ಣ ಸಣ್ಣ ಭಾಗ ಮಾಡಿ, ಪ್ರತಿಯೊಂದನ್ನೂ ಎರಡೆಳೆಯಾಗಿಸಿ ಒಂದರ ಮೇಲೊಂದು ತಿರುಚುತ್ತಾ ತುದಿ ಮುಟ್ಟಿಸುವುದು. ಮರುದಿನ ಅದನ್ನು ಬಿಚ್ಚಿದರೆ ಅಲೆಅಲೆಯಾಗಿ ಹರಡುತ್ತದೆ. ಬಿಚ್ಚದೆಯೂ ವಾರ ಕಳೆಯಬಹುದು. ಸೊಸೆಯ ಬೆರಳಿನ ಓಟ ನೋಡಿದ ನಮಗೆ ಥಟ್ಟನೆ ನೆನಪಾದುದು ದೀಪದ ಬತ್ತಿ. ಹತ್ತಿಯನ್ನು ತೊಡೆಯ ಮೇಲೆ ಹೊಸೆದು ಬತ್ತಿ ಮಾಡಿದ ಕೈಗೆ ಇದು ಹೊಸದೇ? ನಾಲ್ಕನೆಯ ಪ್ರಯತ್ನಕ್ಕೆ ನಮ್ಮ ಹೊಸೆತ ಬಿಚ್ಚದೆ ನಿಂತಿತು. ಮೊಮ್ಮಗಳು ಕನ್ನಡಿಯಲ್ಲಿ ನೋಡಿಕೊಂಡು ಏನೂ ಹೇಳದೆ ತಲೆಯನ್ನು ನಮ್ಮ ಕಡೆಗೆ ಇನ್ನಷ್ಟು ವಾಲಿಸಿದಳು.

ಚಳಿಗಾಲದ ವಿಷಯವನ್ನು ಕೊಂಚ ವಿವರವಾಗಿ ಹೇಳಬೇಕು. ನಮ್ಮ ಧಾರವಾಡದ ಚಳಿ ಅಲ್ಲಿಯವರಿಗೆ ವಸಂತಕಾಲ! 2019ರ ಜನವರಿ 30ರಂದು ಶಿಕಾಗೋದಲ್ಲಿ ಉಷ್ಣಾಂಶ ಶೂನ್ಯಕ್ಕಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ನಾವು ಕಿಟಕಿಯ ಬಳಿಗೂ ಹೋಗಲಿಲ್ಲ. ಹೊರಗೆ ಈ ಒಣಚಳಿ, ಒಳಗೆ ಹಗಲಿರುಳು ಬಿಸಿಗಾಳಿ ಊದುವ ಯಂತ್ರ. ಎರಡರ ನಡುವೆ ಗುಂಗುರು ಕೂದಲು ಬೇಸಿಗೆಯ ಹುಲ್ಲಿನಂತಾಗುತ್ತದೆ. ಉಣ್ಣೆಯ ಟೋಪಿ ಹಾಕಿದರೆ ಉಣ್ಣೆಯೂ ತೇವ ಹೀರುತ್ತದೆ, ಆದ್ದರಿಂದ ಒಳಗೆ ಸ್ಯಾಟಿನ್ ಅಸ್ತರು ಹೊಲಿಯಬೇಕು. ಒದ್ದೆ ತಲೆಯಲ್ಲಿ ಹೊರಗೆ ಹೋಗಲೇಬಾರದು. ಕೂದಲನ್ನು ಪದೇ ಪದೇ ಮುಟ್ಟದಂತೆ, ತುದಿಗಳು ಗಾಳಿಗೆ ಬೀಳದಂತೆ ಹೆಣೆದು ಕಾಪಾಡುವ ಹೆರಳುಗಳು ಈ ಕಾಲಕ್ಕಾಗಿಯೇ ಇವೆ. ನೆತ್ತಿಗೆ ಅಂಟಿಕೊಂಡು ಸಾಲುಸಾಲಾಗಿ ಸಾಗುವ ಹೆರಳನ್ನು ಗೋವಿನಜೋಳದ ಸಾಲು ಎಂದೇ ಅವರು ಕರೆಯುತ್ತಾರೆ. ದೊಡ್ಡವರು ನೆತ್ತಿಯನ್ನು ಚೌಕಚೌಕವಾಗಿ ವಿಂಗಡಿಸಿ, ಕೃತಕ ಎಳೆ ಸೇರಿಸಿ ಸೊಂಟದವರೆಗೆ ಹೆಣೆಸಿಕೊಳ್ಳುವುದೂ ಉಂಟು. ಅದಕ್ಕೆ ಒಂದು ಇಡೀ ದಿನವೇ ಬೇಕಾಗಬಹುದು.

ಮೊಮ್ಮಗಳ ಚಳಿಗಾಲದ ಹೆರಳು ಹಾಕುವ ಹಕ್ಕು ನಮ್ಮ ಬೀಗತಿಯವರದು. ವಯಸ್ಸಿನಲ್ಲಿ ನಮಗಿಂತ ಆರು ವರ್ಷ ಹಿರಿಯರು. ಅವರ ನಿಯಮವೊಂದೇ: ನೋಯಬಾರದು. ಹೆರಳು ಹಾಕುವಾಗ ಮಗು ಮುಖ ಕಿವಿಚಿದರೆ ಅಲ್ಲಿಗೆ ಬಿಚ್ಚಿ ಮತ್ತೆ ಸಡಿಲವಾಗಿ ಹಾಕುವರು. ಬಿಗಿಯಾಗಿ ಎಳೆದರೆ ಹಣೆಯಂಚಿನಲ್ಲಿ ಸಣ್ಣ ಗುಳ್ಳೆಗಳೇಳುತ್ತವೆ. ವರ್ಷಾನುಗಟ್ಟಲೆ ಹಾಗೆಯೇ ಎಳೆಯುತ್ತ ಹೋದರೆ ಬುಡವೇ ಸತ್ತು ಆ ಜಾಗದಲ್ಲಿ ಮತ್ತೆ ಕೂದಲು ಬಾರದು. ನಮ್ಮಲ್ಲಿಯೂ ದಿನವೂ ಬಿಗಿಯಾಗಿ ತುರುಬು ಎಳೆದು ಕಟ್ಟಿದ ಎಷ್ಟೋ ತಾಯಂದಿರ ಹಣೆ ಅಗಲವಾದುದರ ಕಾರಣ ಅಂದು ತಿಳಿಯಿತು. ಹೆರಳನ್ನು ಆರೆಂಟು ವಾರಗಳಿಗೆ ಬಿಚ್ಚಿಬಿಡಬೇಕು. ಇಟ್ಟಷ್ಟೂ ಒಳ್ಳೆಯದೆಂಬ ಲೋಭ ಕೂಡದು. ನಡುವೆಯೂ ನೆತ್ತಿಯನ್ನು ತೆಳು ಶಾಂಪೂವಿನಿಂದ ತೊಳೆಯುತ್ತಿರಬೇಕು.

ಹೆಣೆಯುತ್ತ ಬೀಗತಿಯವರು ಕಥೆ ಹೇಳುತ್ತಿದ್ದರು, ಮಗನು ಕನ್ನಡಕ್ಕೆ ತಿರುಗಿಸುತ್ತಿದ್ದನು. ಅವರ ತಂದೆತಾಯಿಗಳು ದಕ್ಷಿಣದ ಮಿಸಿಸಿಪಿ ರಾಜ್ಯದ ಹತ್ತಿಯ ಹೊಲಗಳನ್ನು ಬಿಟ್ಟು ಕೆಲಸ ಹುಡುಕಿಕೊಂಡು ಶಿಕಾಗೋಗೆ ಬಂದವರು; 1910ರಿಂದ 1970ರವರೆಗೆ ಹಾಗೆ ದಕ್ಷಿಣದಿಂದ ಹೊರಟವರು ಲಕ್ಷ ಲಕ್ಷ. ಬೀಗತಿಯವರು ಹುಡುಗಿಯಾಗಿದ್ದಾಗ ಪ್ರತಿ ಶನಿವಾರ ರಾತ್ರಿ, ಮರುದಿನದ ಚರ್ಚಿಗಾಗಿ, ತಾಯಿಯು ಕಬ್ಬಿಣದ ಹಣಿಗೆಯನ್ನು ಒಲೆಯ ಉರಿಯಲ್ಲಿ ಕಾಯಿಸಿ ಕೂದಲನ್ನು ನೇರ ಮಾಡುತ್ತಿದ್ದಳಂತೆ. ಕಿವಿಯ ತುದಿ ಸುಟ್ಟ ಗುರುತನ್ನು ನಮಗೆ ತೋರಿಸಿದರು. ಕುತ್ತಿಗೆಯ ಹಿಂಬದಿಯ ಬಲು ಬಿಗಿ ಸುರುಳಿಯ ಕೂದಲಿಗೆ ಅವರ ಮಾತಿನಲ್ಲಿ ಕಿಚನ್ ಎಂದೇ ಹೆಸರು. ಬೆಳೆದ ಮೇಲೆ ಕ್ಷಾರದ ಲೇಪ ಬಂತು. ಅದು ನೆತ್ತಿಯನ್ನೇ ಸುಡುತ್ತಿತ್ತು. ‘ಕೆಲಸ ಸಿಗಬೇಕಾದರೆ ಹಾಗೆಯೇ ಮಾಡಬೇಕಿತ್ತು’ ಎಂದರು. 1960ರ ದಶಕದ ಕೊನೆಗೆ ತರುಣ ತರುಣಿಯರು ಕೂದಲನ್ನು ಇದ್ದಂತೆಯೇ ದುಂಡಗೆ ಬೆಳೆಯಬಿಟ್ಟಾಗ, ಬೀಗತಿಯವರೂ ಬಿಟ್ಟರಂತೆ. ತಾಯಿಯು ಒಂದು ತಿಂಗಳು ಮಾತನಾಡಲಿಲ್ಲವಂತೆ.

ಅದಕ್ಕೂ ಹಿಂದಿನ ಕಥೆಯಿದೆ. ಲೂಸಿಯಾನಾ ಪ್ರಾಂತವು ಸ್ಪೇನಿನ ಆಳ್ವಿಕೆಯಲ್ಲಿದ್ದಾಗ, 1786ರಲ್ಲಿ, ಆಫ್ರಿಕನ್ ಮೂಲದ ಸ್ತ್ರೀಯರು ತಲೆಯನ್ನು ಬಟ್ಟೆಯಿಂದ ಕಟ್ಟಿಕೊಳ್ಳಬೇಕೆಂದು ಅಲ್ಲಿಯ ಗವರ್ನರನು ಆಜ್ಞೆ ಮಾಡಿದನು. ಅವರ ಸೊಗಸಾದ ಕೇಶಶೃಂಗಾರ ಆಳುವವರ ಕಣ್ಣಿಗೆ ಚುಚ್ಚುತ್ತಿತ್ತು. ಆ ಸ್ತ್ರೀಯರು ಆಜ್ಞೆಯನ್ನು ಪಾಲಿಸಿದರು. ಆದರೆ ಎಂತಹ ಬಟ್ಟೆ ಕಟ್ಟಿದರೆಂದರೆ, ಅದೇ ಹೊಸ ಅಲಂಕಾರವಾಯಿತು. ಆ ಬಣ್ಣಬಣ್ಣದ ಚೌಕಳಿ ಬಟ್ಟೆಗಳಲ್ಲಿ ಹಡಗು ಹತ್ತಿ ಹೋದ ನಮ್ಮ ಮದರಾಸಿನ ಕೈಮಗ್ಗದ ಬಟ್ಟೆಯೂ ಇತ್ತು. ಗುಲಾಮಗಿರಿಯಿಂದ ಬಿಡುಗಡೆಯಾದ ದಂಪತಿಗಳ ಮಗಳಾಗಿ 1867ರಲ್ಲಿ ಹುಟ್ಟಿ, ಅಗಸಗಿತ್ತಿಯಾಗಿ ದುಡಿದು, ಮುಂದೆ ಕೂದಲಿನ ಲೇಪಗಳನ್ನು ಮಾರಿ ದೊಡ್ಡ ಉದ್ಯಮ ಕಟ್ಟಿದ ಮೇಡಂ ಸಿ. ಜೆ. ವಾಕರ್ ಅವರ ಹೆಸರನ್ನು ಬೀಗತಿಯವರು ನಾವು ಶರಣೆಯರ ಹೆಸರು ಹೇಳುವಷ್ಟು ಗೌರವದಿಂದ ಹೇಳಿದರು. ವಾಕರ್ ಅವರಿಗಿಂತ ಮೊದಲೇ ಇದೇ ಉದ್ಯಮಕ್ಕೆ ಇಳಿದಿದ್ದ ಆ್ಯನಿ ಮಲೋನ್ 1930ರಲ್ಲಿ ತಮ್ಮ ಕಾರ್ಯಾಲಯವನ್ನು ಶಿಕಾಗೋಗೇ ತಂದರು. ದುಡಿದು ಬದುಕುವುದನ್ನೇ ಪೂಜೆಯೆಂದು ಬಗೆಯುವ ನಮಗೆ ಈ ತಾಯಂದಿರ ಕಥೆ ಪರಕೀಯವೆನಿಸಲಿಲ್ಲ.

ಒಂದು ದಿನ ಬೀಗತಿಯವರು ನಮ್ಮನ್ನು ಕೂದಲಿನ ಸಾಮಾನಿನ ಅಂಗಡಿಗೆ ಕರೆದೊಯ್ದರು. ಒಂದು ಗೋಡೆಯ ತುಂಬ ಜಡೆಗಳು ತೂಗುತ್ತಿದ್ದವು; ದುಬಾರಿಯಾದ ಪೊಟ್ಟಣಗಳ ಮೇಲೆ ಇಂಡಿಯನ್ ಎಂದು ಅಚ್ಚಾಗಿತ್ತು. ತಿರುಪತಿಯಲ್ಲಿ ಭಕ್ತರು ಕೊಟ್ಟ ಮುಡಿಯನ್ನು ಹರಾಜು ಹಾಕುವುದು ನಮಗೆ ತಿಳಿದಿತ್ತು. ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಮನೆಮನೆಗಳಲ್ಲಿ ಹೆಣ್ಣುಮಕ್ಕಳು ಕೂದಲಿನ ಸಿಕ್ಕು ಬಿಡಿಸಿ, ಉದ್ದ ವಿಂಗಡಿಸಿ, ಹೊರದೇಶಕ್ಕೆ ಕಳಿಸುವ ದಂಧೆಯಿದೆಯೆಂಬುದನ್ನೂ, ಹಣಿಗೆಗೆ ಬಂದ ಕೂದಲನ್ನು ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟು ಓಣಿಗೆ ಬರುವ ವ್ಯಾಪಾರಿಗೆ ಕೊಟ್ಟು ಪಾತ್ರೆ ತೆಗೆದುಕೊಳ್ಳುತ್ತಿದ್ದ ನಮ್ಮ ತಾಯಿಯ ಸಂಗತಿಯನ್ನೂ ಹೇಳಿದೆವು. ಬೀಗತಿಯವರು ನಗುತ್ತ, ‘ಹಾಗಾದರೆ ನಿಮ್ಮ ಕೂದಲು ಮೊದಲೇ ಬಂದಿತ್ತು, ನೀವು ತಡವಾಗಿ ಬಂದಿರಿ’ ಎಂದರು. ಮದುವೆಗೆ ಬಾರದ ಮಾತು ಅದರೊಳಗಿತ್ತೋ ಇಲ್ಲವೋ, ನಮಗಂತೂ ನಾಟಿತು.

2019ರ ಫೆಬ್ರವರಿಯಲ್ಲಿ ಧಾರವಾಡಕ್ಕೆ ಮರಳಿದೆವು. ಮುಂದೆ ಸಾಂಕ್ರಾಮಿಕದ ವರ್ಷಗಳು. ಮೊಮ್ಮಗಳು ದೂರವಾಣಿಯ ಪರದೆಯಲ್ಲಿ ಮಾತ್ರ. 2021ರ ಆಗಸ್ಟ್‌ನಲ್ಲಿ ಒಂದು ಸಂಜೆ ಮಗನು ಸಂತೋಷದಿಂದ ಸುದ್ದಿ ಹೇಳಿದನು. ಶಿಕಾಗೋದ ಒಂದು ಶಾಲೆಯಲ್ಲಿ ನಾಲ್ಕು ವರ್ಷದ ಬಾಲಕನೊಬ್ಬನ ಹೆರಳು ನಿಯಮಕ್ಕೆ ವಿರುದ್ಧವೆಂದು ಹೇಳಿದ್ದರಿಂದ ಅವನ ತಾಯಿ ಹೋರಾಡಿದಳು. ಇಲಿನಾಯ್ ರಾಜ್ಯವು ಮಕ್ಕಳ ಜನಾಂಗಕ್ಕೂ ಕೂದಲಿನ ಗುಣಕ್ಕೂ ಸಂಬಂಧಿಸಿದ ಕೇಶವಿನ್ಯಾಸಗಳನ್ನು ಶಾಲೆಗಳು ನಿಷೇಧಿಸಕೂಡದೆಂದು ಕಾನೂನು ಮಾಡಿತು, ಅದು 2022ರ ಜನವರಿ 1ರಿಂದ ಜಾರಿಗೆ ಬರುವುದು ಎಂದು. ಕ್ಯಾಲಿಫೋರ್ನಿಯಾ 2019ರಲ್ಲಿಯೇ ಇಂತಹ ಕಾನೂನು ತಂದಿತ್ತು. ಮಗನು ಹೇಳುತ್ತಲೇ ಇದ್ದನು. ನಮಗೆ ಮುಂದಿನದು ಕೇಳಿಸಲಿಲ್ಲ.

1984ರಲ್ಲಿ ನಾವು ಹಳಿಯಾಳ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಶಿಕ್ಷಕ ವೃತ್ತಿಯಲ್ಲಿದ್ದೆವು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಾಡುಗಳಲ್ಲಿ ಸಿದ್ದಿ ಜನರಿದ್ದಾರೆಂಬುದು ಓದುಗರಿಗೆ ತಿಳಿದೇ ಇದೆ. ಶತಮಾನಗಳ ಹಿಂದೆ ಆಫ್ರಿಕದಿಂದ ಗುಲಾಮರಾಗಿ ಪಶ್ಚಿಮ ಕರಾವಳಿಗೆ ತರಲ್ಪಟ್ಟವರ ವಂಶಸ್ಥರು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ನಮ್ಮ ಮೂರನೆಯ ತರಗತಿಯಲ್ಲಿ ಒಬ್ಬ ಸಿದ್ದಿ ಬಾಲಕಿ ಇದ್ದಳು. ಹೆಣ್ಣುಮಕ್ಕಳು ಎರಡು ಹೆರಳು, ಕೆಂಪು ರಿಬ್ಬನ್ನು ಹಾಕಿಕೊಂಡೇ ಬರಬೇಕೆಂಬುದು ನಿಯಮ. ಆಕೆಯ ಕೂದಲು ಹೆರಳಿಗೆ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಪ್ರಾರ್ಥನೆಯ ನಂತರ ಎಲ್ಲ ಮಕ್ಕಳ ಮುಂದೆ ನಾವೇ ಎಣ್ಣೆ ಸುರಿದು, ಹಣಿಗೆ ಎಳೆದೆವು. ಮಕ್ಕಳು ನಕ್ಕರು. ಆಕೆ ಅಳಲಿಲ್ಲ. ಶಿಸ್ತಾಗಿ ಬಾ, ಇಲ್ಲವಾದರೆ ಬರಬೇಡ ಎಂದೆವು. ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ತಲೆ ಬೋಳಿಸಿಕೊಂಡು ಬಂದಳು. ಈಗ ಸ್ವಚ್ಛವಾಗಿದೆ, ಜಾಣೆ, ಎಂದು ನಾವು ಬೆನ್ನು ತಟ್ಟಿದೆವು. ಆ ಬೆನ್ನು ತಟ್ಟಿದ್ದು ಮೂವತ್ತೇಳು ವರ್ಷಗಳಲ್ಲಿ ಒಮ್ಮೆಯೂ ನೆನಪಿಗೆ ಬಂದಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

2023ರ ಏಪ್ರಿಲ್‌ನಲ್ಲಿ ಎರಡನೆಯ ಬಾರಿ ಹೊರಟಾಗ ಚೀಲದಲ್ಲಿ ನಾಲ್ಕು ದಿಂಬಿನ ಚೀಲಗಳಿದ್ದವು. ನಮ್ಮ ಮದುವೆಯ ಹಳೆಯ ಮೈಸೂರು ರೇಷ್ಮೆ ಸೀರೆಯನ್ನು ಕತ್ತರಿಸಿ ಹೊಲಿದದ್ದು. ರೇಷ್ಮೆಯೂ ಸ್ಯಾಟಿನಿನಂತೆಯೇ ಕೂದಲನ್ನು ಕಾಯುತ್ತದೆ. ಸೊಸೆಯು ಕಾರಣ ತಿಳಿದು, ಒಂದು ಚೀಲವನ್ನು ಬಳಸದೆ ಹಾಗೆಯೇ ತೆಗೆದಿಟ್ಟಳು. ಮೊಮ್ಮಗಳಿಗಾಗ ಒಂಬತ್ತು. ಚಳಿಗಾಲದ ಹೆರಳು ಬಿಚ್ಚಿ, ಕೂಡಿದ ಲೇಪದ ಜಿಡ್ಡನ್ನೆಲ್ಲ ತೊಳೆದು, ಕೂದಲನ್ನು ಹಗುರಾಗಿ ಬಿಡುವ ವಸಂತಕಾಲ. ಅಲ್ಲಿಯ ಬಸವ ಜಯಂತಿಯ ಕಾರ್ಯಕ್ರಮಕ್ಕೆ ಆಕೆ ಹಿಂದಿನ ರಾತ್ರಿ ಹೊಸೆದು ಬೆಳಿಗ್ಗೆ ಬಿಚ್ಚಿದ ಅಲೆಗೂದಲನ್ನು ನೆತ್ತಿಯ ಮೇಲೆ ಗುಚ್ಛ ಮಾಡಿ, ಸುತ್ತಲೂ ಮಲ್ಲಿಗೆ ದಂಡೆ ಸುತ್ತಿಸಿಕೊಂಡಳು. ನಮ್ಮ ಕಣ್ಣಿಗೆ ಅದಕ್ಕಿಂತ ಚೆಲುವಾದ ಮುಡಿ ಆ ಸಭೆಯಲ್ಲಿರಲಿಲ್ಲ.

ಪ್ರಸಾದದ ಸಾಲಿನಲ್ಲಿ ನಮ್ಮ ಕಡೆಯವರೇ ಆದ ಹಿರಿಯ ತಾಯಿಯೊಬ್ಬರು ಮಮತೆಯಿಂದಲೇ ಅಂದರು: ‘ಮುಖಾ ಎಲ್ಲಾ ನಿಮ್ಮ ಮಗಂದ ಬಂದದ ನೋಡ್ರಿ, ಕೂದಲ ಒಂದ ಹಿಂಗ. ಸ್ಟ್ರೇಟ್ ಮಾಡಸ್ರಿ, ಈಗ ಎಲ್ಲಾ ಬರ್ತದ.’ ನಾವು ಉತ್ತರ ಹುಡುಕುತ್ತಿರುವಾಗಲೇ ಸಾಲು ಮುಂದೆ ಸರಿಯಿತು. ಮೊಮ್ಮಗಳಿಗೆ ಆ ವೇಳೆಗೆ ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು. ಕಾರಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು:

‘ಆಯಿ, ಗುಬ್ಬಿ ಗೂಡ ಅಂದ್ರ ಏನು? ನಾ ಸಣ್ಣಾಕಿ ಇದ್ದಾಗ ನೀವು ಅಂದಿದ್ರಿ.’

ಐದು ವರ್ಷ ಆ ಮಗು ಆ ಮಾತನ್ನು ಅರ್ಥವಿಲ್ಲದೆಯೇ ಹೊತ್ತುಕೊಂಡಿತ್ತು. ಅರ್ಥ ಹೇಳಿದೆವು.

‘ಅದು ಬೈಗಳೇನು?’

‘ಹೂಂ. ಬೈದಿದ್ದೆ. ತಪ್ಪಾತು ಮಗಳ.’

ಆಕೆ ತಲೆಯಾಡಿಸಿ ಕಿಟಕಿಯ ಹೊರಗೆ ನೋಡಿದಳು. ಆ ರಾತ್ರಿ ಹೊಸೆತ ಹಾಕಿಸಿಕೊಳ್ಳಲು ತಾಯಿಯ ಬಳಿ ಹೋಗದೆ ನಮ್ಮ ಬಳಿಯೇ ಬಂದು ಕುಳಿತಳು.

ಆ ಹಿರಿಯ ತಾಯಿಗೆ ಅಂದು ಕೊಡದ ಉತ್ತರದ ಒಂದು ಭಾಗವನ್ನು ಇಲ್ಲಿ ಬರೆಯುತ್ತೇವೆ, ಏಕೆಂದರೆ ನಮ್ಮ ಊರುಗಳಲ್ಲಿಯೂ ಮದುವೆಗೆ ಮುಂಚೆ ಹುಡುಗಿಯರ ಕೂದಲನ್ನು ನೇರ ಮಾಡಿಸುವುದು ಈಗ ಸಾಮಾನ್ಯವಾಗಿದೆ. 2022ರ ಅಕ್ಟೋಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿದ ಅಧ್ಯಯನವನ್ನು ಪ್ರಕಟಿಸಿದರು. ಎಪ್ಪತ್ತನೆಯ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವವು, ಕೂದಲು ನೇರಗೊಳಿಸುವ ರಾಸಾಯನಿಕಗಳನ್ನು ಎಂದೂ ಬಳಸದವರಲ್ಲಿ ನೂರಕ್ಕೆ 1.64 ಇದ್ದರೆ, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ 4.05 ಎಂದು ಅವರ ಅಂದಾಜು. ರಾಸಾಯನಿಕವೇ ಕಾರಣವೆಂದು ಇದರಿಂದ ಸಿದ್ಧವಾಗದು, ಎರಡರ ನಡುವೆ ನಂಟಿದೆಯೆಂದು ಮಾತ್ರ ತಿಳಿಯುತ್ತದೆ. ಆದರೂ ಯೋಚಿಸಬೇಕಾದ ಸಂಗತಿಯಲ್ಲವೇ? ನಮ್ಮ ವಧೂವರರ ಅಂಕಣಗಳಲ್ಲಿ ಬಿಳುಪು ಬಣ್ಣ, ನೀಳ ಕೂದಲು ಎಂದು ಬರೆಸುವವರೂ ಯೋಚಿಸಬೇಕು. ನಮ್ಮ ಮಗಳ ವಿವರವನ್ನು ನಾವೂ ಹಾಗೆಯೇ ಬರೆಸಿದ್ದೆವು.

ಬೇಸಿಗೆಯನ್ನು ಬೇಗ ಹೇಳಿ ಮುಗಿಸುತ್ತೇವೆ. ಮಿಶಿಗನ್ ಸರೋವರದ ಆರ್ದ್ರ ಗಾಳಿಗೆ ಸುರುಳಿಗಳು ಉಬ್ಬಿ ಕುಗ್ಗುತ್ತವೆ. ಭುಜ ಮುಟ್ಟುವ ಕೂದಲು ಕಿವಿಯ ಮೇಲೇರುತ್ತದೆ. ಅದನ್ನು ಎಳೆದು ಸರಿಮಾಡಲು ಹೋಗದೆ ಎರಡು ಗುಚ್ಛ ಕಟ್ಟಿದರೆ ಮುಗಿಯಿತು. ಈಜುಕೊಳಕ್ಕೆ ಇಳಿಯುವ ಮುಂಚೆ ಕೂದಲನ್ನು ಒಳ್ಳೆಯ ನೀರಿನಿಂದ ತೋಯಿಸಿ ಕಂಡೀಷನರ್ ಹಚ್ಚಬೇಕು. ತುಂಬಿದ ಕೂದಲು ಕ್ಲೋರಿನ್ ನೀರನ್ನು ಅಷ್ಟಾಗಿ ಹೀರದು. ಮೇಲೆ ಬಂದ ಕೂಡಲೆ ತೊಳೆಯಬೇಕು. ಅಲ್ಲಿಯೂ ಮೊದಲು ನೀರು.

2024ರ ಡಿಸೆಂಬರ್‌ನಲ್ಲಿ ಅವರು ಮೂವರೂ ಧಾರವಾಡಕ್ಕೆ ಬಂದಿದ್ದರು. ಯಲ್ಲಾಪುರದ ಕಡೆಗೆ ಹೋದಾಗ ದಾರಿಯ ಒಂದು ಚಹಾದಂಗಡಿಯ ಮುಂದೆ ಸಮವಸ್ತ್ರದ ಸಿದ್ದಿ ಬಾಲಕಿಯೊಬ್ಬಳು ಬಸ್ಸಿಗೆ ಕಾಯುತ್ತಿದ್ದಳು. ಬೆರಳುದ್ದದ ಎರಡು ಹೆರಳು, ಕೆಂಪು ರಿಬ್ಬನ್ನು. ಹಣೆಯಂಚಿನ ಕೂದಲು ಹಿಂದೆ ಸರಿದಿತ್ತು. ಮೊಮ್ಮಗಳು ಕಾರಿನಿಂದಿಳಿದು ನೇರವಾಗಿ ಹೋಗಿ, ಯಾವ ಪೀಠಿಕೆಯೂ ಇಲ್ಲದೆ, ‘ಇಷ್ಟು ಬಿಗಿ ಹಾಕಬಾರದು, ನೋವಾಗ್ತದ’ ಎಂದಳು. ಆ ಹುಡುಗಿ ಮೊಮ್ಮಗಳ ತಲೆಯನ್ನು ನೋಡಿದಳು, ನಮ್ಮನ್ನು ನೋಡಿದಳು, ಮತ್ತೆ ಆ ತಲೆಯನ್ನೇ ನೋಡಿ ನಕ್ಕಳು. ‘ಸಾಲಿಯಾಗ ಎರಡು ಹೆರಳು ಹಾಕ್ಕೊಂಡೇ ಬರಬೇಕು, ಬಿಟ್ಟು ಬಂದ್ರೆ ಟೀಚರ್ ಬೈತಾರೆ’ ಎಂದಳು.

ಸೊಸೆಯು ತನ್ನ ಚೀಲದಿಂದ ಅಗಲ ಹಲ್ಲಿನ ಹಣಿಗೆ ತೆಗೆದು ಕೊಟ್ಟಳು. ಹುಡುಗಿ ಅದನ್ನು ಪುಸ್ತಕದ ಚೀಲದಲ್ಲಿಟ್ಟುಕೊಂಡಳು. ಅಷ್ಟರಲ್ಲಿ ಬಸ್ಸು ಬಂತು. ನಾವು ಶಾಲೆಯ ಹೆಸರು ಕೇಳಿಟ್ಟುಕೊಂಡು, ಧಾರವಾಡಕ್ಕೆ ಮರಳಿದ ಮರುದಿನವೇ ಅಲ್ಲಿಯ ಶಿಕ್ಷಕಿಯರಿಗೆ ನಾಲ್ಕು ಪುಟದ ಪತ್ರ ಬರೆದೆವು: ನಿವೃತ್ತ ಸಹೋದ್ಯೋಗಿಯೊಬ್ಬರು ಬರೆಯುವುದು ಎಂದು ಆರಂಭಿಸಿ, 1984ರ ಆ ಬೆಳಗಿನ ಪ್ರಾರ್ಥನೆಯಿಂದ ಹಿಡಿದು ಎಲ್ಲವನ್ನೂ ಬಿಡದೆ.